ಅಮ್ಚೆಂ ಮೊಲ್ಲೆಂ: ಆ ‘ನಮ್ಮ’ದಲ್ಲಿ ನಾವೂ ಇದ್ದೇವೆಯೇ?



ಪ್ರತಿ ವರ್ಷ ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ಸಂತ ಅಸ್ಸಿಸಿಯ ಫ್ರಾನ್ಸಿಸರ ಹಬ್ಬದವರೆಗೆ ಧರ್ಮಸಭೆ ಸೃಷ್ಟಿಗಾಗಿ ವಿಶೇಷವಾಗಿ ಪ್ರಾರ್ಥಿಸುತ್ತದೆ. ಆ ದಿನಗಳಲ್ಲಿ ನಾವೂ ಚರ್ಚಿನ ಅಂಗಳದಲ್ಲಿ ಗಿಡ ನೆಡುತ್ತೇವೆ, ಸಮುದ್ರದ ದಂಡೆಯಲ್ಲಿ ಪ್ಲಾಸ್ಟಿಕ್ ಹೆಕ್ಕುತ್ತೇವೆ, ಮಕ್ಕಳಿಗೆ ಚಿತ್ರ ಬಿಡಿಸುವ ಸ್ಪರ್ಧೆ ಇಡುತ್ತೇವೆ. ಎಲ್ಲವೂ ಒಳ್ಳೆಯ ಕೆಲಸಗಳೇ. ಆದರೆ ಒಮ್ಮೆ ನಮ್ಮ ಯುವಕೂಟದಲ್ಲಿ ಮೊಲ್ಲೆಂ ಕಾಡಿನ ಮಾತು ಬಂದಾಗ ಎಲ್ಲರೂ ಸುಮ್ಮನಾದರು. ಕೊನೆಗೆ ಒಬ್ಬ ಹುಡುಗ, “ಅದು ಗೋವಾದವರ ಜಗಳ ಅಲ್ಲೇನ್ರಿ? ನಾವು ದುಡಿಯಾಕ ಬಂದವರು. ನಮಗ ಊರಿಗೆ ಹೋಗಾಕ ರಸ್ತೆ ಚಲೋ ಆದ್ರ ಸಾಕು” ಅಂದ.

ಅವನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಗೋವಾದಲ್ಲಿರುವ ಕನ್ನಡ ಕುಟುಂಬಗಳಲ್ಲಿ ಹೆಚ್ಚಿನವು ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದವು. ಕ್ರಿಸ್‌ಮಸ್‌ಗೆ, ಊರ ಜಾತ್ರೆಗೆ, ಮದುವೆಗೆ, ಮಣ್ಣಿಗೆ, ಎಲ್ಲದಕ್ಕೂ ನಾವು ಘಟ್ಟ ಹತ್ತಲೇಬೇಕು. ಹಾಗಾಗಿ ಆ ಹುಡುಗನ ಪ್ರಶ್ನೆ ನಮ್ಮೆಲ್ಲರದ್ದು. ಅದಕ್ಕೆ ಉತ್ತರ ಹುಡುಕುತ್ತ ನಾನು ಓದಿದ್ದನ್ನು, ಕೇಳಿದ್ದನ್ನು, ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಕಾಡಿನ ಪರಿಚಯ. ಪಣಜಿಯಿಂದ ಪೋಂಡಾ ದಾಟಿ ಬೆಳಗಾವಿಯ ಕಡೆ ಹೊರಟರೆ ಧಾರಬಾಂದೋಡಾ ತಾಲೂಕಿನಲ್ಲಿ ಮೊಲ್ಲೆಂ ಸಿಗುತ್ತದೆ. ಅಲ್ಲಿಂದ ಅನಮೋಡ ಘಾಟು ಏರಿದರೆ ಕರ್ನಾಟಕ. ಈ ದಾರಿಯ ಹಳೆಯ ಹೆಸರು ರಾಷ್ಟ್ರೀಯ ಹೆದ್ದಾರಿ 4ಎ, ಈಗಿನ ಸಂಖ್ಯೆ 748. ಬಸ್ಸಿನ ಕಿಟಕಿಯಿಂದ ಎರಡೂ ಕಡೆ ಕಾಣುವ ದಟ್ಟ ಹಸಿರೇ ಭಗವಾನ್ ಮಹಾವೀರ ವನ್ಯಜೀವಿ ಅಭಯಾರಣ್ಯ. ಅದರೊಳಗೇ ಮೊಲ್ಲೆಂ ರಾಷ್ಟ್ರೀಯ ಉದ್ಯಾನವೂ ಸೇರಿದೆ. ಎರಡೂ ಕೂಡಿ ಸುಮಾರು 240 ಚದರ ಕಿಲೋಮೀಟರ್. 310 ಮೀಟರ್ ಎತ್ತರದಿಂದ ಧುಮುಕುವ ದೂಧಸಾಗರ ಇಲ್ಲೇ ಇದೆ. ಗೋವಾದ ರಾಜ್ಯಪ್ರಾಣಿಯಾದ ಕಾಡುಕೋಣ ಇಲ್ಲಿ ಹಿಂಡಾಗಿ ತಿರುಗುತ್ತದೆ. ಗಡಿಯಾಚೆ ನಮ್ಮ ಕಾಳಿ ಹುಲಿ ಸಂರಕ್ಷಿತ ಪ್ರದೇಶವಿದೆ. ಭೂಪಟದಲ್ಲಿ ರಾಜ್ಯದ ಗೆರೆ ಇದೆಯೇ ಹೊರತು ಕಾಡಿಗೆ ಗೆರೆ ಇಲ್ಲ. ಹುಲಿಗೂ ಇಲ್ಲ, ಮಳೆಗೂ ಇಲ್ಲ.

ಈ ಕಾಡಿನ ಮೂಲಕ ಮೂರು ಯೋಜನೆಗಳು ಒಟ್ಟಿಗೆ ಬಂದವು. ಒಂದು, ಅನಮೋಡದ ಗಡಿಯಿಂದ ಮೊಲ್ಲೆಂವರೆಗಿನ ಹೆದ್ದಾರಿಯನ್ನು ನಾಲ್ಕು ಪಥ ಮಾಡುವುದು. ಎರಡು, ತಿನೈಘಾಟ್, ಕ್ಯಾಸಲ್‌ರಾಕ್, ಕುಳೆಂ ನಡುವಿನ ರೈಲು ಮಾರ್ಗವನ್ನು ಜೋಡಿ ಹಳಿ ಮಾಡುವುದು. ಮೂರು, ಧಾರವಾಡದ ಕಡೆಯಿಂದ ಗೋವಾಕ್ಕೆ 400 ಕೆ.ವಿ. ವಿದ್ಯುತ್ ಮಾರ್ಗ ಎಳೆಯುವುದು. ಮೂರಕ್ಕೂ ಸೇರಿ ಬೀಳಬೇಕಾಗಿದ್ದ ಮರಗಳು 50 ಸಾವಿರಕ್ಕೂ ಹೆಚ್ಚು. 2020ರಲ್ಲಿ ದೇಶವೆಲ್ಲ ಲಾಕ್‌ಡೌನ್‌ನಲ್ಲಿ ಮನೆಯೊಳಗೆ ಕುಳಿತಿದ್ದಾಗ, ಏಪ್ರಿಲ್ ತಿಂಗಳಲ್ಲಿ ವಿಡಿಯೊ ಸಭೆಯ ಮೂಲಕ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಈ ಕಾಡಿನ ಹೆದ್ದಾರಿಗೆ ಒಪ್ಪಿಗೆ ಕೊಟ್ಟಿತು ಎಂಬ ಸುದ್ದಿ ಹೊರಬಂದಾಗ ಜನ ಎಚ್ಚೆತ್ತರು.

ಹೀಗೆ ಹುಟ್ಟಿದ ಚಳವಳಿಯ ಹೆಸರು ‘ಅಮ್ಚೆಂ ಮೊಲ್ಲೆಂ’. ಕೊಂಕಣಿಯಲ್ಲಿ ಹಾಗೆಂದರೆ ನಮ್ಮ ಮೊಲ್ಲೆಂ. ಇದನ್ನು ಮುಂದೆ ತಂದವರಲ್ಲಿ ನಿಮ್ಮ ವಯಸ್ಸಿನವರೇ ಬಹಳ. ವಿಜ್ಞಾನ ಓದಿದವರು ಸಾವಿರಾರು ಪುಟಗಳ ಸರ್ಕಾರಿ ಕಡತಗಳನ್ನು ಓದಿ ಸರಳ ಮಾತಿನಲ್ಲಿ ಬರೆದರು. ಚಿತ್ರಕಾರರು ಕಾಡಿನ ಹಕ್ಕಿ, ಕಪ್ಪೆ, ಚಿಟ್ಟೆಗಳನ್ನು ಬಿಡಿಸಿದರು. ವಕೀಲರು ದಾಖಲೆ ಜೋಡಿಸಿದರು. ವಿದ್ಯಾರ್ಥಿಗಳು ಪತ್ರ ಬರೆದರು. ಗೋವಾ ಫೌಂಡೇಶನ್ ಸಂಸ್ಥೆ ವಿಷಯವನ್ನು ಸುಪ್ರೀಂ ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿಯ ಮುಂದೆ ಒಯ್ದಿತು. 2020ರ ನವೆಂಬರ್ 1ರ ರಾತ್ರಿ ಚಾಂದೋರ್ ಎಂಬ ಹಳ್ಳಿಯಲ್ಲಿ ಸಾವಿರಾರು ಜನ ಮೇಣದಬತ್ತಿ ಹಿಡಿದು ರೈಲು ಹಳಿಯ ಬಳಿ ಸೇರಿ ಬೆಳಗಿನ ಜಾವದವರೆಗೆ ಕುಳಿತರು. ನವೆಂಬರ್ 1 ಸಕಲ ಸಂತರ ಹಬ್ಬ, ಮರುದಿನ ಮೃತರ ಸ್ಮರಣೆ. ಕನ್ನಡಿಗರಾದ ನಮಗೆ ಅದೇ ದಿನ ರಾಜ್ಯೋತ್ಸವವೂ ಹೌದು. ಗೋವಾ ಮಹಾಧರ್ಮಪ್ರಾಂತ್ಯದ ಸಾಮಾಜಿಕ ನ್ಯಾಯ ಮತ್ತು ಶಾಂತಿ ಮಂಡಳಿಯೂ ಈ ಯೋಜನೆಗಳ ವಿರುದ್ಧ ದನಿ ಎತ್ತಿತು.

ಇದನ್ನೆಲ್ಲ ನಾನು ನಮ್ಮ ಕಾಕಾನ ಮುಂದೆ ಹೇಳಿದೆ. ಕಾಕಾ ಲಾರಿ ಡ್ರೈವರ್. ಬೆಳಗಾವಿಯಿಂದ ಗೋವಾಕ್ಕೆ ಕಾಯಿಪಲ್ಲೆ ತರುವುದು ಅವರ ಕೆಲಸ. ಇಪ್ಪತ್ತು ವರ್ಷದಿಂದ ಚೋರ್ಲಾ ಘಾಟು, ಅನಮೋಡ ಘಾಟು ಎರಡನ್ನೂ ಬಲ್ಲವರು. ಪೂರ್ತಿ ಕೇಳಿ ಅವರು ಅಂದರು:

“ತಂಗಿ, ನೀವು ಕುರ್ಚಿ ಮ್ಯಾಲೆ ಕುಂತು ಗಿಡಾ ಬಳ್ಳಿ ಅಂತೀರಿ. ನಡುರಾತ್ರ್ಯಾಗ ಮುಂದಿನ ಲಾರಿ ತಿರುವಿನ್ಯಾಗ ಕೆಟ್ಟು ನಿಂತ್ರ ಹಿಂದ ಮೂರು ತಾಸು ನಾವು ಸ್ಟೇರಿಂಗ್ ಹಿಡಕೊಂಡು ಕೂಡಬೇಕು. ಅಷ್ಟೊತ್ತಿನ್ಯಾಗ ಹಿಂದ ಒಂದು ಅಂಬುಲೆನ್ಸ್ ಬಂದ್ರ? ಮರ ದೊಡ್ಡದೋ ಮನಿಷಾ ದೊಡ್ಡಾಂವೋ, ನೀನ ಹೇಳು.”

ಪರಿಸರದ ಬಗ್ಗೆ ಮಾತಾಡುವವರೆಲ್ಲ ಕಾಕಾನ ಈ ಪ್ರಶ್ನೆಯನ್ನು ಕಿವಿಗೊಟ್ಟು ಕೇಳಬೇಕು. ರಸ್ತೆ ಬೇಕು ಎನ್ನುವವರೆಲ್ಲ ಕಾಡಿನ ವೈರಿಗಳಲ್ಲ. ಮನೆ ಸೇರಬೇಕು, ಸರಕು ತಲುಪಿಸಬೇಕು, ಜೀವ ಉಳಿಯಬೇಕು ಎಂಬ ಸಾದಾ ಆಸೆ ಅವರದು. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೋ ಸಿ’ ವಿಶ್ವಪತ್ರದ ತಿರುಳೂ ಇದೇ: ಭೂಮಿಯ ಕೂಗು ಮತ್ತು ಬಡವರ ಕೂಗು ಎರಡನ್ನೂ ಒಟ್ಟಿಗೆ ಕೇಳಬೇಕು. ಒಂದನ್ನು ಕೇಳಿ ಇನ್ನೊಂದಕ್ಕೆ ಕಿವುಡಾದರೆ ಅದು ಅರ್ಧ ವಿಶ್ವಾಸ.

ಹಾಗಾದರೆ ಕಾಕಾನಿಗೆ ಉತ್ತರವೇನು? ಮರವೋ ಮನುಷ್ಯನೋ ಎಂದು ಕೇಳಿದಾಗ ಯಾರೂ ಮರ ಎನ್ನಲಾರರು. ಆದರೆ ಹೆದ್ದಾರಿಯ ವಿಷಯದಲ್ಲಿ ಪ್ರಶ್ನೆ ನಿಜಕ್ಕೂ ಹಾಗಿದೆಯೇ? ನಮ್ಮ ಕರ್ನಾಟಕದಲ್ಲೇ ಒಂದು ಉದಾಹರಣೆ ಇದೆ. ಮೈಸೂರಿನಿಂದ ಕೇರಳಕ್ಕೆ ಹೋಗುವ ಹೆದ್ದಾರಿ ಬಂಡೀಪುರದ ಹುಲಿ ಕಾಡನ್ನು ಹಾದುಹೋಗುತ್ತದೆ. ರಾತ್ರಿ ವಾಹನಗಳಿಗೆ ಸಿಕ್ಕು ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ಸಂಚಾರ ನಿಲ್ಲಿಸಿದರು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಂಬುಲೆನ್ಸಿಗೆ ಅಲ್ಲಿ ತಡೆ ಇಲ್ಲ. ರಸ್ತೆಯೂ ಉಳಿಯಿತು, ಕಾಡಿಗೆ ರಾತ್ರಿಯೂ ಉಳಿಯಿತು. ಇನ್ನೊಂದು ಉದಾಹರಣೆ ಪೆಂಚ್ ಕಾಡಿನದು. ನಾಗಪುರದ ಉತ್ತರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 44ನ್ನು ಅಗಲ ಮಾಡುವಾಗ, ನ್ಯಾಯಾಲಯದಲ್ಲಿ ನಡೆದ ಹೋರಾಟದ ಫಲವಾಗಿ ರಸ್ತೆಯನ್ನು ಅಲ್ಲಲ್ಲಿ ಎತ್ತರದ ಕಂಬಗಳ ಮೇಲೆ ಒಯ್ದು ಪ್ರಾಣಿಗಳಿಗೆ ಕೆಳಗೆ ದಾರಿ ಬಿಟ್ಟರು. ಅದರ ಕೆಳಗೆ ಹುಲಿಗಳು ನಡೆದುಹೋಗುವುದು ಕ್ಯಾಮೆರಾಗಳಲ್ಲಿ ಸೆರೆಯಾಗಿದೆ.

ಬಂಡೀಪುರದ ಮಾತು ಹೇಳಿದಾಗ ಕಾಕಾ ನಕ್ಕರು. “ಆ ಗೇಟು ನನಗೂ ಗೊತ್ತು. ಮೊದಲಿಗೆ ಭಾಳ ಬೈಕೊಂಡ್ವಿ. ಈಗ ಹೊತ್ತು ನೋಡಿ ಗಾಡಿ ಬಿಡತೀವಿ, ಅಷ್ಟ” ಎಂದರು.

ಗೋವಾದ ಹಳ್ಳಿಗಳಲ್ಲೂ ಇಂಥದೇ ಮಾತು ಕೇಳಿಬಂದಿದೆ. ಮಡಗಾಂವದ ಪಶ್ಚಿಮ ಬೈಪಾಸ್ ರಸ್ತೆ ಬಾಣಾವಲಿಯ ತಗ್ಗಿನ ಗದ್ದೆಗಳನ್ನು ಹಾಯಬೇಕಾದಾಗ ಅಲ್ಲಿಯ ಜನ ಮಣ್ಣು ತುಂಬಿ ದಿಬ್ಬ ಕಟ್ಟಬೇಡಿ, ಕಂಬದ ಮೇಲೆ ರಸ್ತೆ ಮಾಡಿ ಎಂದು ಹೋರಾಡಿದರು. ದಿಬ್ಬ ಕಟ್ಟಿದರೆ ಮಳೆಗಾಲದ ನೀರು ಹೊಳೆಗೆ ಹರಿಯದೆ ಗದ್ದೆಯಲ್ಲೇ ನಿಲ್ಲುತ್ತದೆ ಎಂಬುದು ತಲೆತಲಾಂತರದಿಂದ ಆ ಗದ್ದೆಯಲ್ಲಿ ಇಳಿದವರಿಗೆ ಗೊತ್ತು. ಅವರು ರಸ್ತೆ ಬೇಡ ಎನ್ನಲಿಲ್ಲ. ಎಲ್ಲಿ, ಹೇಗೆ, ಯಾರನ್ನು ಕೇಳಿ ಎಂದರು.

ಈ ‘ಯಾರನ್ನು ಕೇಳಿ’ ಎಂಬ ಮಾತು ನನ್ನನ್ನು ಪವಿತ್ರ ಗ್ರಂಥದ ಒಂದು ಕಥೆಗೆ ಕರೆದೊಯ್ಯುತ್ತದೆ. ಅರಸುಗಳ ಮೊದಲನೆಯ ಗ್ರಂಥದ 21ನೇ ಅಧ್ಯಾಯ ತೆರೆದು ನೋಡಿ. ನಾಬೋತನ ದ್ರಾಕ್ಷಿತೋಟ ಅರಸ ಅಹಾಬನ ಅರಮನೆಗೆ ಹತ್ತಿಕೊಂಡಿತ್ತು. ಅರಸನಿಗೆ ಅಲ್ಲಿ ಕಾಯಿಪಲ್ಲೆ ಬೆಳೆಯುವ ಆಸೆ. ಅವನು ಮೊದಲಿಗೆ ಕೇಳಿದ್ದು ನ್ಯಾಯವಾಗಿಯೇ ಕಾಣುತ್ತದೆ. ಇದಕ್ಕಿಂತ ಒಳ್ಳೆಯ ತೋಟ ಕೊಡುತ್ತೇನೆ, ಬೇಡವೆಂದರೆ ಹಣ ಕೊಡುತ್ತೇನೆ ಎಂದ. ಇಂದಿನ ಮಾತಿನಲ್ಲಿ ಅದು ಪರಿಹಾರಧನ. ಆದರೆ ನಾಬೋತ ಒಪ್ಪಲಿಲ್ಲ. ಅದು ಅವನ ಪಿತ್ರಾರ್ಜಿತ. ದೇವರು ಕೊಟ್ಟದ್ದು, ಹಿರಿಯರಿಂದ ಬಂದದ್ದು, ಮಕ್ಕಳಿಗೆ ಹೋಗಬೇಕಾದದ್ದು. ಮಾರಲು ಅದು ಅವನೊಬ್ಬನ ಸ್ವತ್ತಾಗಿರಲಿಲ್ಲ. ಆಮೇಲೆ ಈಜೆಬೆಲಳು ಸುಳ್ಳು ಸಾಕ್ಷಿ ಹೇಳಿಸಿ ಅವನನ್ನು ಕಲ್ಲೆಸೆದು ಕೊಲ್ಲಿಸಿದಳು.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವವರು ಅಹಾಬನೂ ಅಲ್ಲ, ಈಜೆಬೆಲಳೂ ಅಲ್ಲ. ನಾಬೋತನ ಊರಿನ ಹಿರಿಯರು. ರಾಣಿಯ ಪತ್ರ ಬಂತು, ಅದರಲ್ಲಿ ಬರೆದಂತೆ ಅವರು ಮಾಡಿದರು. ಒಬ್ಬರೂ ಏಕೆ ಎಂದು ಕೇಳಲಿಲ್ಲ. ನಮಗೇನು, ಅದು ನಾಬೋತನ ತೋಟ ಎಂದುಕೊಂಡಿರಬೇಕು.

ಕಾಡಿಗೆ ನಾಬೋತನಂತೆ ಬೇಡ ಎನ್ನಲು ಬಾಯಿಲ್ಲ. ಅದರ ಪರವಾಗಿ ಮಾತಾಡುವವರು ಬೇಕು. ‘ಅಮ್ಚೆಂ ಮೊಲ್ಲೆಂ’ ಮಾಡಿದ್ದು ಅದನ್ನೇ. ಫಲವೂ ಬಂತು. 2021ರ ಏಪ್ರಿಲ್‌ನಲ್ಲಿ ಕೇಂದ್ರ ಉನ್ನತಾಧಿಕಾರ ಸಮಿತಿ ತನ್ನ ವರದಿ ಕೊಟ್ಟಿತು. ಜೋಡಿ ಹಳಿಯ ಅನುಮತಿ ರದ್ದಾಗಬೇಕು ಎಂದಿತು. ವಿದ್ಯುತ್ ತಂತಿಗಾಗಿ ಹೊಸದಾಗಿ ಕಾಡು ಸೀಳುವ ಬದಲು ಈಗಾಗಲೇ ಇರುವ ಮಾರ್ಗವನ್ನೇ ಬಳಸಬೇಕು ಎಂದಿತು. 2022ರ ಮೇ 9ರಂದು ಸುಪ್ರೀಂ ಕೋರ್ಟ್ ಕ್ಯಾಸಲ್‌ರಾಕ್–ಕುಳೆಂ ಜೋಡಿ ಹಳಿಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ರದ್ದು ಮಾಡಿತು. ಕಾಡಿನ ಮೇಲಾಗುವ ಪರಿಣಾಮವನ್ನು ವಿವರವಾಗಿ ಅಧ್ಯಯನ ಮಾಡಿ, ಬೇಕಿದ್ದರೆ ಮತ್ತೆ ಅರ್ಜಿ ಹಾಕಬಹುದು ಎಂದಿತು. ನ್ಯಾಯಾಲಯ ಬಾಗಿಲು ಮುಚ್ಚಲಿಲ್ಲ, ಮೊದಲು ಲೆಕ್ಕ ಒಪ್ಪಿಸಿ ಎಂದಿತು. ಕಾಡಿನ ರಸ್ತೆಯ ವಿಷಯದಲ್ಲೂ ನಾವು ಕೇಳಬೇಕಾದದ್ದು ಇಷ್ಟೇ.

ಘಟ್ಟದ ಮಣ್ಣು ಕೂಡ ಲೆಕ್ಕ ಕೇಳುತ್ತದೆ. 2021ರ ಜುಲೈ 23ರಂದು ದೂಧಸಾಗರ ಮತ್ತು ಸೋನಾವಳಿ ನಡುವೆ ಗುಡ್ಡ ಕುಸಿದು ಮಂಗಳೂರಿನಿಂದ ಮುಂಬಯಿಗೆ ಹೊರಟಿದ್ದ ರೈಲು ಹಳಿ ತಪ್ಪಿತು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದದ್ದನ್ನು ಯಾರು ಮರೆತಾರು? ರಸ್ತೆ ಬದಿಯ ಚಹಾದಂಗಡಿಯ ಕುಟುಂಬ, ಲಾರಿ ನಿಲ್ಲಿಸಿದ್ದ ಡ್ರೈವರುಗಳು ಮಣ್ಣಿನಡಿ, ನೀರಿನಡಿ ಹೋದರು. 2025ರ ಮಳೆಗಾಲದಲ್ಲಿ ಅನಮೋಡ ಘಾಟಿನ ರಸ್ತೆಯ ಒಂದು ಭಾಗವೇ ಕುಸಿದು ಭಾರಿ ವಾಹನಗಳನ್ನು ನಿಲ್ಲಿಸಬೇಕಾಯಿತು. ಕಾಕಾನ ಲಾರಿಯೂ ಆಗ ಚೋರ್ಲಾ ಸುತ್ತಿ ಬರಬೇಕಾಯಿತು. ಮರದ ಬೇರು ಹಿಡಿದಿಟ್ಟ ಇಳಿಜಾರನ್ನು ನೆಟ್ಟಗೆ ಕಡಿದರೆ ಮಳೆಗಾಲದಲ್ಲಿ ಅದು ಎಲ್ಲಿ ನಿಲ್ಲಬೇಕು? ಮರವೋ ಮನುಷ್ಯನೋ ಎಂಬ ಪ್ರಶ್ನೆ ಇಲ್ಲಿ ತಾನೇ ಕರಗಿಹೋಗುತ್ತದೆ. ಘಟ್ಟದಲ್ಲಿ ಮನುಷ್ಯನನ್ನು ಕಾಯುವುದೂ ಆ ಮರವೇ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ನಾವು ಹೊರಗಿನವರು, ನಮಗೇಕೆ ಈ ಮಾತು?

ನಮ್ಮನ್ನು ಇಲ್ಲಿ ಕೆಲವರು ‘ಘಾಟಿ’ ಎಂದು ಕರೆಯುವುದು ನಿಮಗೆಲ್ಲ ಗೊತ್ತು. ಘಟ್ಟದ ಮೇಲಿನಿಂದ ಬಂದವರು ಎಂದು ಅದರ ಅರ್ಥ. ಬಸ್ಸಿನಲ್ಲಿ, ಮಾರ್ಕೆಟ್ಟಿನಲ್ಲಿ ಆ ಮಾತು ಬಿದ್ದಾಗ ನೋವಾಗುತ್ತದೆ. ಅದಕ್ಕೇ ಊರಿನ ವಿಷಯದಲ್ಲಿ ನಾವು ಬಾಯಿ ಬಿಡುವುದಿಲ್ಲ. ದುಡಿಯೋಣ, ಬಾಡಿಗೆ ಕಟ್ಟೋಣ, ಭಾನುವಾರ ಬಲಿಪೂಜೆಗೆ ಹೋಗೋಣ, ತೆಪ್ಪಗಿರೋಣ ಎಂದುಕೊಳ್ಳುತ್ತೇವೆ. ಆದರೆ ಯೋಚಿಸಿ ನೋಡಿ. ನಮ್ಮನ್ನು ಯಾವ ಘಟ್ಟದ ಹೆಸರಿನಿಂದ ಕರೆಯುತ್ತಾರೋ ಆ ಘಟ್ಟವೇ ಈಗ ಅಪಾಯದಲ್ಲಿದೆ. ಘಟ್ಟದ ಬಗ್ಗೆ ಮಾತಾಡಲು ಘಾಟಿಗಳಿಗಿಂತ ಹೆಚ್ಚಿನ ಹಕ್ಕು ಯಾರಿಗಿದೆ?

ಅಷ್ಟೇ ಅಲ್ಲ, ಇದರಲ್ಲಿ ನಮ್ಮ ನಾಡಿನ ಪಾಲೂ ಇದೆ. ಮುರ್ಮಗೋವಾ ಬಂದರಿನಲ್ಲಿ ಇಳಿಯುವ ಕಲ್ಲಿದ್ದಲು ರೈಲಿನಲ್ಲಿ ಈ ಘಟ್ಟವನ್ನೇ ಹತ್ತಿ ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗಳಿಗೆ ಹೋಗುತ್ತದೆ. ಚಾಂದೋರಿನ ಜನ ಹಳಿಯ ಬಳಿ ಕುಳಿತದ್ದು ಆ ಕಲ್ಲಿದ್ದಲಿನ ಧೂಳಿಗೆ ಹೆದರಿಯೇ. ನಮ್ಮ ನಾಡಿನ ಕುಲುಮೆಗೆ ಬೇಕಾದ ಇದ್ದಿಲು ಅವರ ಅಂಗಳದಲ್ಲಿ ಹಾಯುತ್ತದೆ ಎಂದಮೇಲೆ ಅದು ಬರೀ ಗೋವಾದವರ ಜಗಳ ಹೇಗಾದೀತು?

ಇನ್ನು ನೀರು. ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಮಹದಾಯಿಯೇ ಗೋವಾದಲ್ಲಿ ಮಾಂಡೋವಿಯಾಗಿ ಪಣಜಿಯ ಬಳಿ ಸಮುದ್ರ ಸೇರುತ್ತದೆ. ದೂಧಸಾಗರದ ನೀರೂ ಅದನ್ನೇ ಕೂಡುತ್ತದೆ. ಈ ನೀರಿಗಾಗಿ ಎರಡು ರಾಜ್ಯಗಳು ದಶಕಗಳಿಂದ ವ್ಯಾಜ್ಯ ನಡೆಸಿವೆ. ಹುಬ್ಬಳ್ಳಿ, ಧಾರವಾಡ, ನರಗುಂದ, ನವಲಗುಂದದಲ್ಲಿರುವ ನಮ್ಮ ಬಂಧುಗಳು ಕಳಸಾ ಬಂಡೂರಿ ನೀರಿಗಾಗಿ ಬೀದಿಗಿಳಿದಿದ್ದಾರೆ. ಇಲ್ಲಿಯ ನಮ್ಮ ನೆರೆಯವರು ಅದಕ್ಕೆ ಎದುರಾಗಿ ನಿಂತಿದ್ದಾರೆ. ನಾವು ನಡುವೆ ಇದ್ದೇವೆ, ಎರಡೂ ಮನೆಯ ಅನ್ನ ಉಂಡವರು. ಯಾರ ಪಾಲು ಎಷ್ಟು ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಆದರೆ ಮಳೆಯನ್ನು ಹಿಡಿದಿಟ್ಟು ಬೇಸಿಗೆಗೆ ಬಿಡುವ ಕಾಡು ಹೋದರೆ ಹಂಚಿಕೊಳ್ಳಲು ನೀರೇ ಇರುವುದಿಲ್ಲ ಎಂದು ಎರಡೂ ಕಡೆಗೆ ಹೇಳಬಲ್ಲವರು ನಾವೇ. ಕನ್ನಡದಲ್ಲಿ ಅತ್ತ, ಕೊಂಕಣಿಯಲ್ಲಿ ಇತ್ತ.

ನಾವು ಮಾಡಬಹುದಾದ ಕೆಲವು ಕೆಲಸಗಳಿವೆ, ದೊಡ್ಡವೇನಲ್ಲ. ನಿಮ್ಮ ಹೆಸರು ಇಲ್ಲಿಯ ಪಂಚಾಯತಿಯ ಮತದಾರರ ಪಟ್ಟಿಯಲ್ಲಿದ್ದರೆ ನೀವು ಗ್ರಾಮಸಭೆಯ ಸದಸ್ಯರು. ಅಲ್ಲಿ ಹೋಗಿ ಕುಳಿತುಕೊಳ್ಳಿ. ಮೊದಲ ದಿನವೇ ಮಾತಾಡಬೇಕಾಗಿಲ್ಲ, ಕೇಳಿದರೂ ಸಾಕು. ರಾಷ್ಟ್ರೀಯ ಹೆದ್ದಾರಿಗೆ ಜಮೀನು ತೆಗೆದುಕೊಳ್ಳುವಾಗ ಅಧಿಸೂಚನೆಯನ್ನು ಪತ್ರಿಕೆಯಲ್ಲಿ ಪ್ರಕಟಿಸಬೇಕು. 1956ರ ಹೆದ್ದಾರಿ ಕಾಯ್ದೆಯಂತೆ, ಆ ಜಮೀನಿನಲ್ಲಿ ಹಿತಾಸಕ್ತಿ ಇರುವವರು ಅಧಿಸೂಚನೆ ಹೊರಟ 21 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಊರಲ್ಲಿರುವ ನಿಮ್ಮ ಅಪ್ಪ ಅಮ್ಮನ ಹೊಲಕ್ಕೂ ಇದೇ ನಿಯಮ. ಎಷ್ಟೋ ಜನ ಆ 21 ದಿನ ದಾಟಿದ ಮೇಲೆ ಅಳುತ್ತಾರೆ. ಕಾಡಿನ ಯೋಜನೆಗಳ ಕಾಗದಪತ್ರಗಳು ಕೇಂದ್ರ ಸರ್ಕಾರದ ‘ಪರಿವೇಶ್’ ಜಾಲತಾಣದಲ್ಲಿ ಸಿಗುತ್ತವೆ. ನಮ್ಮಲ್ಲಿ ಕಾಲೇಜು ಓದುವವರಿದ್ದಾರೆ. ಅದನ್ನು ಓದಿ, ಕಾಕಾನಂಥವರಿಗೆ ತಿಳಿಯುವ ಕನ್ನಡದಲ್ಲಿ ಹೇಳಿದರೆ ಅದೂ ಒಂದು ಪ್ರೇಷಿತ ಕಾರ್ಯವೇ. ಹಾಗೆಯೇ ಕಾಕಾನಂಥವರ ಮಾತನ್ನು ಹೋರಾಟಗಾರರಿಗೆ ತಲುಪಿಸುವುದೂ ನಮ್ಮ ಕೆಲಸ. ಕೆಟ್ಟ ಲಾರಿ ಪಕ್ಕಕ್ಕೆ ಸರಿಯಲು ತಿರುವಿನಲ್ಲಿ ಜಾಗ, ರಾತ್ರಿ ಕ್ರೇನ್, ತಡೆಗೋಡೆ, ವೇಗಕ್ಕೆ ಮಿತಿ, ಇವು ಸಾವಿರಾರು ಮರ ಕಡಿಯದೆ ಕೇಳಬಹುದಾದ ಬೇಡಿಕೆಗಳು.

ಆದಿಕಾಂಡದ ಎರಡನೇ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿ ಇರಿಸಿದ್ದು ಅದನ್ನು ದುಡಿಯಲಿಕ್ಕೂ ಕಾಯಲಿಕ್ಕೂ. ಗಮನಿಸಿ, ಆ ತೋಟದಲ್ಲಿ ಆದಾಮ ಹುಟ್ಟಿ ಬೆಳೆದವನಲ್ಲ. ಹೊರಗಿನ ಮಣ್ಣಿನಿಂದ ರೂಪಿಸಿ ದೇವರು ಅವನನ್ನು ಅಲ್ಲಿಗೆ ತಂದು ಬಿಟ್ಟರು. ದುಡಿಯಲು ನಮ್ಮನ್ನು ಗೋವಾಕ್ಕೆ ತಂದ ದೇವರು ಕಾಯುವ ಕೆಲಸಕ್ಕೆ ಬೇರೆಯವರನ್ನು ನೇಮಿಸಿಲ್ಲ. ‘ಅಮ್ಚೆಂ’ ಎಂಬ ಮಾತಿನಲ್ಲಿ ನಮಗೂ ಜಾಗವಿದೆಯೇ ಎಂದು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಕಾಯುವವರಿಗೆಲ್ಲ ಅದರಲ್ಲಿ ಜಾಗವಿದೆ.

ಮುಂದಿನ ಸಲ ಊರಿಗೆ ಹೋಗುವಾಗ ಮೊಲ್ಲೆಂ ದಾಟಿದ ಮೇಲೆ ಹತ್ತು ನಿಮಿಷ ಮೊಬೈಲ್ ಪಕ್ಕಕ್ಕಿಟ್ಟು ಕಿಟಕಿಯ ಹೊರಗೆ ನೋಡಿ. ಡ್ರೈವರಿಗಾಗಿ ಒಂದು, ಆ ಕಾಡಿಗಾಗಿ ಒಂದು, ನಮೋ ಮರಿಯಾ ಹೇಳಿ. ಸೃಷ್ಟಿಕರ್ತನಾದ ದೇವರು ನಮ್ಮೆಲ್ಲರನ್ನೂ ಹರಸಲಿ.